ಬಯಲುಸೀಮೆಯ ಚಳಿಜ್ವರ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಸೀಮೆಗೆ ಸೇರಿದವು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಬಂದುಹೋಗುವ ಮಳೆ, ಬಂಡೆಗಳನ್ನೇ ಹೊತ್ತು ನಿಂತ ಗುಡ್ಡಗಳು, ಜಾಲಿಯೂ ಹುಲ್ಲೂ ಬೆಳೆದ ಅಮೃತಮಹಲ್ ಕಾವಲುಗಳು, ವರ್ಷದ ಬಹುಭಾಗ ಬರಿಯ ಮರಳಾಗಿರುವ ವೇದಾವತಿಯ ಪಾತ್ರ, ಇವನ್ನು ಕಂಡವರಿಗೆ, ನೀರಿಲ್ಲದೆ ಹುಟ್ಟಲಾರದ ಸೊಳ್ಳೆಯಿಂದ ಹರಡುವ ಮಲೇರಿಯಾಕ್ಕೆ ಇಲ್ಲೇನು ಕೆಲಸ ಎಂದು ತೋರುವುದು ಸಹಜ. ಆದರೆ ಚಳಿಜ್ವರವು ಮಲೆನಾಡಿಗೆ ಮಾತ್ರ ಮೀಸಲಾದ ವ್ಯಾಧಿಯಾಗಿರಲಿಲ್ಲ. ಬಯಲುಸೀಮೆಯೂ ಅದರ ಸಂಕಟವನ್ನು ಉಂಡಿತು. ಅದು ಹೇಗೆಂದು ತಿಳಿಯಬೇಕಾದರೆ, ಈ ನಾಡಿನವರು ನೀರನ್ನು ಕೂಡಿಟ್ಟ ಬಗೆಯನ್ನೂ ಮನುಷ್ಯನ ರಕ್ತದಲ್ಲಿ ರೋಗಾಣು ಕಾಲ ಕಳೆಯುವ ಬಗೆಯನ್ನೂ ಒಟ್ಟಿಗೆ ನೋಡಬೇಕು.

ಮಳೆಯನ್ನು ನಂಬಿ ಬಾಳಲಾಗದೆಂದು ಅರಿತ ಪೂರ್ವಿಕರು ಕೆರೆಗಳನ್ನು ಕಟ್ಟಿದರು. ಕಪಿಲೆ ಬಾವಿಗಳನ್ನು ತೋಡಿದರು. ಮರಳುನೆಲದ ಊಟೆಗಳನ್ನು ಅಗೆದು ತೆರೆದು ಆ ನೀರನ್ನು ಕಾಲುವೆಯಾಗಿ ಹೊಲಕ್ಕೆ ಹರಿಸುವ ತಲಪರಿಗೆಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದರು. ದೈವವಶಾತ್, ಬಯಲುನಾಡಿನ ಮುಖ್ಯ ರೋಗವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಯು ಕೊಳಚೆಯನ್ನು ಒಲ್ಲದೆ, ಬಿಸಿಲು ಬೀಳುವ ತಿಳಿನೀರನ್ನೇ ಅರಸಿ ಮೊಟ್ಟೆಯಿಡತಕ್ಕದ್ದು. ಬಾವಿ, ಹುಲ್ಲು ಬೆಳೆದ ಕಾಲುವೆಯಂಚು, ಹರಿವು ನಿಂತ ಹೊಳೆಯ ಮಡು, ಇವೆಲ್ಲ ಅದಕ್ಕೆ ಹಿಡಿಸಿದ ತಾಣಗಳು. ಹೀಗೆ ಪ್ರಾಣಧಾರಕವಾದ ನೀರೇ ರೋಗಕ್ಕೂ ನೆಲೆಯಾಯಿತು.

1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ನೆರೆಯ ಹಿರಿಯೂರಿನ ನೆಲವನ್ನು ತೋಯಿಸಿತು. ನಾಲೆಗಳೊಡನೆ ಬಸಿನೀರು ಬರುವುದೂ, ಬಸಿನೀರಿನೊಡನೆ ಜ್ವರ ಬರುವುದೂ ಆ ಕಾಲದ ನೀರಾವರಿ ಪ್ರದೇಶಗಳೆಲ್ಲದರ ಅನುಭವವಾಗಿದ್ದಿತು. ಮೈಸೂರು ಸಂಸ್ಥಾನದ ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಸಂಶೋಧನೆಯನ್ನು ಕೈಗೊಂಡಾಗ, ಮೂಡಿಗೆರೆ, ನಗೇನಹಳ್ಳಿಗಳೊಂದಿಗೆ ಹಿರಿಯೂರನ್ನೂ ಆರಿಸಿಕೊಂಡಿತು. ಆ ಸಂಶೋಧನೆಯ ಕಾಲದ ಸ್ವೀಟ್ ಮತ್ತು ರಾವ್ ಎಂಬಿಬ್ಬರು ವಿಜ್ಞಾನಿಗಳು 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಮತ್ತೊಂದು ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅವುಗಳ ಇಕ್ಕೆಲದ ತೇಲುಬುರುಡೆಯ ಮೇಲಣ ಗೀರುಗಳನ್ನು ಎಣಿಸಿ, ಒಂದೇ ಜಾತಿಯೊಳಗೆ ಎರಡು ಬಗೆಗಳುಂಟೆಂದು ತೋರಿಸಿದರು. ಗೀರು ಕಡಮೆಯಿರುವ ಬಗೆಗೆ ಮೈಸೂರಿನ ಹೆಸರೇ ನಿಂತಿತು.

ಸೊಳ್ಳೆಯ ಕಥೆ ಇಷ್ಟು; ರಕ್ತದ ಕಥೆ ಇದಕ್ಕಿಂತ ಗಹನವಾದುದು. ಮೂರನೆಯ ದಿನಕ್ಕೊಮ್ಮೆ ಮರಳುವ ತೃತೀಯಕ, ನಾಲ್ಕನೆಯ ದಿನಕ್ಕೊಮ್ಮೆ ಮರಳುವ ಚತುರ್ಥಕ ಎಂಬ ಜ್ವರಭೇದಗಳನ್ನು ಆಯುರ್ವೇದವು ಬಹು ಹಿಂದೆಯೇ ಗುರುತಿಸಿದ್ದಿತು. 1880ರಲ್ಲಿ ಆಲ್ಜೀರಿಯಾದಲ್ಲಿದ್ದ ಲಾವೆರಾನ್ ಎಂಬ ವೈದ್ಯ ರೋಗಿಯ ರಕ್ತದಲ್ಲಿ ಜೀವಿಯನ್ನು ಕಂಡನು; ಅದೇ ದಶಕದಲ್ಲಿ ಇಟಲಿಯ ಗಾಲ್ಜಿ ಜ್ವರದ ಗಡಿಯಾರವನ್ನು ಬಿಡಿಸಿದನು. ಕೆಂಪು ರಕ್ತಕಣವನ್ನು ಹೊಕ್ಕ ಜೀವಿ ಮೊದಲು ಸಣ್ಣ ಉಂಗುರದಂತೆ ತೋರಿ, ಕಣದೊಳಗಣ ಹಿಮೋಗ್ಲೋಬಿನ್ನನ್ನು ತಿಂದು ಬೆಳೆದು, ಹಲವಾಗಿ ಒಡೆದು, ವೈವಾಕ್ಸ್ ಜಾತಿಯಲ್ಲಿ 48 ಗಂಟೆಗೊಮ್ಮೆ, ಮಲೇರಿಯೇ ಜಾತಿಯಲ್ಲಿ 72 ಗಂಟೆಗೊಮ್ಮೆ, ಅಸಂಖ್ಯ ಕಣಗಳನ್ನು ಏಕಕಾಲಕ್ಕೆ ಬಿರಿದು ಹೊರಬರುತ್ತದೆ. ಚಳ್ಳಕೆರೆಯ ಹೆಸರಾಂತ ಕರಿಕಂಬಳಿಯನ್ನು ಎರಡೆರಡು ಹೊದಿಸಿದರೂ ಹಲ್ಲು ಕಟಕಟಿಸುವ ರೋಗಿಯ ನಡುಕಕ್ಕೂ, ಆಮೇಲಿನ ಉರಿಗೂ ಬೆವರಿಗೂ ಈ ಬಿರಿತವೇ ಕಾರಣ.

ಆದರೆ ಎಲ್ಲ ಮರಿಗಳೂ ಈ ಚಕ್ರದಲ್ಲಿ ಸುತ್ತುವುದಿಲ್ಲ. ಕೆಲವು ಒಡೆಯುವುದನ್ನು ಬಿಟ್ಟು ಗ್ಯಾಮೆಟೊಸೈಟ್ ಎಂಬ ಗಂಡು ಹೆಣ್ಣು ರೂಪಗಳಾಗಿ ಬಲಿಯುತ್ತವೆ. ಫಾಲ್ಸಿಪಾರಮ್ ಜಾತಿಯಲ್ಲಿ ಅವು ಬಿದಿಗೆಯ ಚಂದ್ರನ ಆಕಾರ ತಾಳಿ ಪಕ್ವವಾಗಲು ಹತ್ತು ಹನ್ನೆರಡು ದಿನ ಬೇಕು. ಇವು ಜ್ವರ ತರುವುದಿಲ್ಲ; ಸೊಳ್ಳೆ ಹೀರಿದಾಗ ಮಾತ್ರ ಎಚ್ಚರುತ್ತವೆ. ಸೊಳ್ಳೆಯ ಜಠರದ ತಂಪಿನಲ್ಲಿ ಕಾಲು ಗಂಟೆಯೊಳಗೆ ಗಂಡು ರೂಪವು ಎಂಟು ಚಾವಟಿಯಂಥ ಎಳೆಗಳನ್ನು ಹೊರಚಿಮ್ಮಿಸುತ್ತದೆ. ಸಂಯೋಗದಿಂದ ಹುಟ್ಟಿದ ಜೀವಿ ಜಠರದ ಗೋಡೆಯನ್ನು ತೂರಿ ಹೊರಮೈಯಲ್ಲಿ ಗುಳ್ಳೆಯಾಗಿ ಕೂರುತ್ತದೆ. ಕಾಲರಾ ನಿವಾರಣೆಗಾಗಿ 1895ರಲ್ಲಿ ಬೆಂಗಳೂರಿಗೆ ನಿಯುಕ್ತನಾಗಿದ್ದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡದ್ದು ಈ ಗುಳ್ಳೆಯನ್ನೇ. ಅದು ಬಲಿತು ಒಡೆದು ಸಾವಿರಾರು ಸೂಕ್ಷ್ಮಜೀವಿಗಳು ಲಾಲಾಗ್ರಂಥಿಗೆ ಸೇರಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುವುದು. ಮತ್ತೊಬ್ಬನನ್ನು ಕಚ್ಚಿದಾಗ ಅವು ಮೊದಲು ಯಕೃತ್ತಿನಲ್ಲಿ ಬೆಳೆಯುತ್ತವೆಂಬುದನ್ನು 1948ರಲ್ಲಿ ಶಾರ್ಟ್, ಗಾರ್ನಮ್ ಎಂಬವರು ತೋರಿಸಿದರು.

ಸೊಳ್ಳೆಯೊಳಗಿನ ಈ ಹತ್ತು ಹದಿನಾಲ್ಕು ದಿನದಲ್ಲಿಯೇ ಬಯಲುಸೀಮೆಯ ಮರ್ಮವಡಗಿದೆ. ಚೈತ್ರ ವೈಶಾಖಗಳ ಒಣಗಾಳಿಯಲ್ಲಿ ಬಹುಪಾಲು ಸೊಳ್ಳೆಗಳು ಅಷ್ಟು ದಿನ ಬದುಕಿರಲಾರವು. ಬೇಸಗೆಯನ್ನು ದಾಟಿಸಿ ರೋಗವನ್ನು ಮುಂದಿನ ಮಳೆಗೆ ಒಯ್ಯುತ್ತಿದ್ದುದು ಮನುಷ್ಯನ ದೇಹವೇ. ಜ್ವರವಿಳಿದು ಕೂಲಿಗೆ ಹೋದವನ ರಕ್ತದಲ್ಲಿ ಆ ಗಂಡು ಹೆಣ್ಣು ರೂಪಗಳು ಉಳಿದಿರಬಹುದು; ವೈವಾಕ್ಸ್ ಅಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳಬಲ್ಲುದು. ಮೇವನ್ನರಸಿ ಮಂದೆಯೊಡನೆ ನಡೆವ ಗೊಲ್ಲರು, ಬರದ ವರ್ಷ ನಾಲೆಯ ನಾಡಿಗೆ ಕೆಲಸಕ್ಕೆ ಹೋಗಿ ಮುಂಗಾರಿಗೆ ಮರಳುವ ಬೇಸಾಯಗಾರರು, ತಮಗರಿಯದೆಯೇ ಅದನ್ನು ಹೊತ್ತು ತರಬಹುದಾಗಿದ್ದಿತು.

1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನ ಮಲೇರಿಯಾಕ್ಕೆ ತುತ್ತಾಗಿ 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. ಗೋಡೆಗಳಿಗೆ ಸಿಂಪಡಿಸಿದ ಡಿ.ಡಿ.ಟಿ.ಯಿಂದ 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕಿಳಿಯಿತು; ಸೊಳ್ಳೆಗಳು ಔಷಧವನ್ನು ಸಹಿಸತೊಡಗಿ, ಕಾವಲೂ ಸಡಿಲಗೊಂಡು, 1976ರಲ್ಲಿ ಅದು 64 ಲಕ್ಷವನ್ನು ಮುಟ್ಟಿತು. ಅನಂತರ ಕರ್ನಾಟಕದ ಹಳ್ಳಿಗಳ ಬಾವಿಗಳಲ್ಲಿ ಮರಿಸೊಳ್ಳೆಗಳನ್ನು ತಿನ್ನುವ ಗಪ್ಪಿ ಮೀನುಗಳನ್ನು ಬಿಟ್ಟು ಕಂಡ ಫಲ, ನೀರನ್ನು ಬತ್ತಿಸದೆಯೇ ಸೊಳ್ಳೆಯನ್ನು ತಡೆಯಬಹುದೆಂದು ತೋರಿಸಿತು.

ನೀರನ್ನು ಕೂಡಿಡುವುದನ್ನು ಈ ಸೀಮೆ ಎಂದಿಗೂ ಬಿಡಲಾರದು, ಬಿಡಲೂ ಕೂಡದು. ಆದುದರಿಂದ ಇಲ್ಲಿ ಮಲೇರಿಯಾದ ಮೇಲಣ ಜಯವು ಒಬ್ಬೊಬ್ಬ ರೋಗಿಯ ದೇಹದಲ್ಲಿಯೂ ಸಾಧಿತವಾಗಬೇಕು. ಊರಿಗೆ ಮರಳಿದವನ ಬೆರಳ ತುದಿಯಿಂದ ಹನಿ ರಕ್ತ ತೆಗೆದು ಗಾಜಿನ ಪಟ್ಟಿಗೆ ಸವರುವ ಆರೋಗ್ಯ ಕಾರ್ಯಕರ್ತೆಯ ಕೆಲಸವೂ, ಜ್ವರ ಬಿಟ್ಟಿತೆಂದು ನಿಲ್ಲಿಸದೆ ವೈವಾಕ್ಸ್ ರೋಗಿಗೆ ವೈದ್ಯರು ವಿಧಿಸಿದ ಪ್ರಿಮಾಕ್ವಿನ್ ಮಾತ್ರೆಗಳನ್ನು ಹದಿನಾಲ್ಕು ದಿನವೂ ನುಂಗಿಸುವ ಮನೆಯವರ ಎಚ್ಚರವೂ ಕೆರೆ ಕಟ್ಟಿದ ಹಿರಿಯರ ಕಾರ್ಯದಷ್ಟೇ ಲೋಕೋಪಕಾರಿಯಾದುವು.