ಮೇಣದ ಮೇಲೆ 4000 ದನಿ

ಯಕ್ಷಗಾನದಿಂದ ವೇಷ, ಕುಣಿತ ತೆಗೆದರೆ ತಾಳಮದ್ದಳೆ. ಯುರೋಪಿನ ಸಂಗೀತ ನಾಟಕದಿಂದ ವೇಷ, ಅಭಿನಯ ತೆಗೆದರೆ ಹೆಚ್ಚುಕಡಿಮೆ ಒರೆಟೋರಿಯೊ. ಕಥೆ ಸಾಮಾನ್ಯವಾಗಿ ಬೈಬಲ್ಲಿನದು. ಹ್ಯಾಂಡೆಲ್ ಎಂದರೆ ಎಲ್ಲರೂ ‘ಮೆಸ್ಸಾಯ’ ಎನ್ನುತ್ತಾರೆ. ಅದಕ್ಕೂ ಮೊದಲೇ, 1739ರಲ್ಲಿ, ಆತ ಲಂಡನ್ನಿನಲ್ಲಿ ‘ಇಸ್ರೇಲ್ ಇನ್ ಈಜಿಪ್ಟ್’ ಹಾಡಿಸಿದ್ದ. ಜನಕ್ಕೆ ಹಿಡಿಸಲಿಲ್ಲ. ಒಬ್ಬರೇ ಹಾಡುವುದು ಕಡಿಮೆ, ಬರೀ ಗುಂಪುಹಾಡು! ಎರಡನೇ ಪ್ರದರ್ಶನಕ್ಕೆ ಒಂದಷ್ಟು ಕತ್ತರಿಸಿ ಒಂಟಿ ಹಾಡು ಸೇರಿಸಬೇಕಾಯ್ತು.

ಮುಂದೆ ಇಂಗ್ಲೆಂಡಿನವರಿಗೆ ಬೇಕಾದದ್ದೂ ಆ ಗುಂಪುಹಾಡೇ. 1888ರ ಜೂನ್ 29ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಕಟ್ಟಡದಲ್ಲಿ ಸುಮಾರು 4000 ಜನ ಇದನ್ನು ಹಾಡಿದರು. ಎಡಿಸನ್ ಕಡೆಯ ಜಾರ್ಜ್ ಗೂರೋ ಪತ್ರಕರ್ತರು ಕೂರುವ ಜಾಗದಲ್ಲಿ ಫೋನೋಗ್ರಾಫ್ ಇಟ್ಟ. ಹಾಡುವವರಿಂದ 100 ಗಜ ದೂರ. ಮೈಕ್ ಇಲ್ಲ. ಅಷ್ಟು ದೂರದಿಂದ ಬಂದ ದನಿಯೇ ಸೂಜಿಯನ್ನು ಅಲುಗಿಸಿ ಮೇಣದ ಉರುಳೆಯ ಮೇಲೆ ಗೀರು ಹಾಕಬೇಕು.

ಹಾಕಿತು. ಈಗಲೂ ಉಳಿದಿರುವ ಅತಿ ಹಳೆಯ ಸಂಗೀತ ರೆಕಾರ್ಡಿಂಗುಗಳಲ್ಲಿ ಇದೂ ಒಂದು. ಫೋನಿನಲ್ಲಿ ಹಾಕಿದರೆ ಮೊದಲು ಬರೀ ಕರಕರ, ತಗಡಿನ ಮೇಲೆ ಮಳೆ ಬಿದ್ದ ಹಾಗೆ. ಇಯರ್‌ಫೋನ್ ಹಾಕಿಕೊಂಡು ಸ್ವಲ್ಪ ತಾಳಿ. ಮಳೆಯ ಆಚೆ, ಪಕ್ಕದೂರಿನ ಜಾತ್ರೆಯಂತೆ, ಜನ ಹಾಡುತ್ತಿರುತ್ತಾರೆ. ನಿಧಾನವಾಗಿ, ತೀರಾ ನಿಧಾನವಾಗಿ. ಪದಗಳು ತಿಳಿಯುವುದಿಲ್ಲ. ಇದೇ ಕೃತಿಯ ಶುದ್ಧ ರೆಕಾರ್ಡಿಂಗುಗಳು ಆಮೇಲೆ ಬೇಕಾದಷ್ಟು ಬಂದಿವೆ; ನನಗೆ ಇದೇ ಹೆಚ್ಚು. ಹಾಡಿದವರಲ್ಲಿ ಬಹುಪಾಲು ಸಂಗೀತವನ್ನು ಕಸುಬು ಮಾಡಿಕೊಂಡವರಲ್ಲ, ಊರೂರಿನ ಗಾಯನ ಸಂಘಗಳವರು.

ಆ ಗಾಜಿನ ಅರಮನೆ 1936ರಲ್ಲಿ ಸುಟ್ಟುಹೋಯಿತು. ಮೇಣದ ಉರುಳೆಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಡಿಸನ್ ಸ್ಮಾರಕದಲ್ಲಿವೆ.