ಲಿನಕ್ಸ್ ಅಳಿಸಿದರೆ ವಿಂಡೋಸ್ ಯಾಕೆ ಏಳಲ್ಲ?

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದವು. ಫೋಟೊ ಇಡಲು ಜಾಗ ಸಾಲದೆ ಒಂದು ರಾತ್ರಿ ಲಿನಕ್ಸ್ ಇದ್ದ ಪಾರ್ಟಿಷನ್ ಅಳಿಸಿಬಿಟ್ಟೆ. ಬೆಳಗ್ಗೆ ಸುದ್ದಿ ಕಳಿಸೋಣ ಎಂದು ಆನ್ ಮಾಡಿದರೆ ಕಪ್ಪು ಪರದೆ. ಅಂಥ ಪಾರ್ಟಿಷನ್ ಇಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು, ಕೆಳಗೆ ‘ಗ್ರಬ್ ರೆಸ್ಕ್ಯೂ’. ವಿಂಡೋಸ್ ಕೂಡ ಏಳಲಿಲ್ಲ. ತಾಲ್ಲೂಕಿನ ರಿಪೇರಿ ಅಂಗಡಿಯಲ್ಲಿ ‘ಫಾರ್ಮ್ಯಾಟ್ ಹೊಡೀಬೇಕು ಸರ್, ಒಳಗಿರೋದೆಲ್ಲ ಹೋಗುತ್ತೆ’ ಅಂದರು. ಒಳಗೆ ಮೂರು ವರ್ಷದ ಬರದ ಫೋಟೊಗಳಿದ್ದವು. ಬೇಡವೆಂದು ವಾಪಸ್ ತಂದೆ. ಯಾಕೆ ಹೀಗಾಯಿತು ಎಂದು ಹುಡುಕಿದಾಗ ಸಿಕ್ಕ ಕಥೆ ಇದು.

ಆನ್ ಮಾಡಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ವಿಂಡೋಸ್ ಇರುವುದು ಡಿಸ್ಕಿನಲ್ಲಿ. ಅದನ್ನು ಎತ್ತಿ ತರಲು ಇನ್ನೊಂದು ಪ್ರೋಗ್ರಾಂ ಬೇಕು. ಹಾಗಾದರೆ ಆ ಪ್ರೋಗ್ರಾಂ ಅನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಂಡ ಹಾಗೆ ಎಂದು ಇಂಗ್ಲಿಷಿನವರು ತಮಾಷೆ ಮಾಡಿದರು. ‘ಬೂಟ್’ ಎಂಬ ಮಾತು ಬಂದದ್ದು ಅಲ್ಲಿಂದ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಯಂತ್ರದಲ್ಲಿ ಆ ಮೊದಲ ಸೂಚನೆಗಳನ್ನು ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಕೈಯಿಂದಲೇ ತುಂಬಬೇಕಿತ್ತು. 1981ರ ಐಬಿಎಂ ಪಿಸಿಯಲ್ಲಿ ಆ ಕೆಲಸ ಬಯಾಸ್ ಎಂಬ ಚಿಪ್ಪಿನದಾಯಿತು.

ನಮ್ಮ ತಲೆನೋವು ಹುಟ್ಟಿದ್ದು 1983ರಲ್ಲಿ. ಹಾರ್ಡ್ ಡಿಸ್ಕ್‌ಗಾಗಿ ಬಂದ ಡಾಸ್ 2.0, ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಬೂಟ್‌ಗೆ ಮೀಸಲಿಟ್ಟಿತು. ಇದೇ ಮಾಸ್ಟರ್ ಬೂಟ್ ರೆಕಾರ್ಡ್. ಅದರಲ್ಲಿ 64 ಬೈಟ್ ಪಾರ್ಟಿಷನ್ ಪಟ್ಟಿಗೆ, 2 ಬೈಟ್ ಗುರುತಿಗೆ. ಪ್ರೋಗ್ರಾಂಗೆ ಉಳಿದದ್ದು 446 ಬೈಟ್. ಕನ್ನಡದ ಒಂದು ಅಕ್ಷರಕ್ಕೇ ಈಗ ಕನಿಷ್ಠ 3 ಬೈಟ್ ಬೇಕು. ಅಂದರೆ ವಾಟ್ಸ್ಆ್ಯಪ್‌ನಲ್ಲಿ ಮೂರ್ನಾಲ್ಕು ಸಾಲು ಬರೆದರೆ ಮುಗಿಯಿತು, ಅಷ್ಟೇ ಜಾಗ.

ಜಾಗ ಚಿಕ್ಕದು, ಕುರ್ಚಿಯೂ ಒಂದೇ. ಡಾಸ್, ವಿಂಡೋಸ್ ಅದರಲ್ಲಿ ತಾವೊಬ್ಬರೇ ಎಂಬಂತೆ ಕೂತಿದ್ದವು. 1990ರ ದಶಕದಲ್ಲಿ ಲಿನಕ್ಸ್ ಬಂದ ಮೇಲೆ ಎರಡರಲ್ಲಿ ಯಾವುದು ಬೇಕು ಎಂದು ಕೇಳುವವರು ಬೇಕಾದರು. ಮೊದಲು ಲಿಲೋ ಎಂಬುದು ಬಂತು. 1995ರಲ್ಲಿ ಎರಿಕ್ ಬೋಲಿನ್, ಗ್ನೂ ಹರ್ಡ್ ಎಂಬ ಬೇರೆಯೇ ವ್ಯವಸ್ಥೆಗಾಗಿ ಗ್ರಬ್ ಬರೆದರು. ಮುಂದೆ ಲಿನಕ್ಸ್‌ನವರೂ ಅದನ್ನೇ ಹಿಡಿದರು. ಗ್ರಬ್ 446 ಬೈಟಿನಲ್ಲಿ ಹಿಡಿಸುವಂಥದ್ದಲ್ಲ. ಹಾಗಾಗಿ ತಲೆಯನ್ನಷ್ಟೇ ಅಲ್ಲಿಟ್ಟು, ಮೆನು ಮತ್ತಿತರ ಸಾಮಾನನ್ನು ಲಿನಕ್ಸ್ ಪಾರ್ಟಿಷನ್ನಿನೊಳಗೆ ಇಟ್ಟುಕೊಂಡಿತು.

ನಾನು ಕೆಡವಿದ್ದು ಆ ಮನೆಯನ್ನು. ಬಸ್‌ಸ್ಟ್ಯಾಂಡಿನಲ್ಲಿ ಅದರ ವಿಳಾಸ ಹೇಳುವವನು ಹಾಗೇ ನಿಂತಿದ್ದ. ವಿಂಡೋಸ್ ಮನೆಗೆ ಏನೂ ಆಗಿರಲಿಲ್ಲ, ಫೋಟೊಗಳಿಗೂ.

ರಿಪೇರಿಯೂ ಹಳೆಯದೇ. 1990ರ ದಶಕದ ಡಾಸ್‌ನಲ್ಲಿ ‘ಎಫ್‌ಡಿಸ್ಕ್ ಸ್ಲ್ಯಾಶ್ ಎಂಬಿಆರ್’, ಎಕ್ಸ್‌ಪಿಯಲ್ಲಿ ‘ಫಿಕ್ಸ್‌ಎಂಬಿಆರ್’, ವಿಸ್ಟಾದಿಂದ ಈಚೆಗೆ ‘ಬೂಟ್‌ರೆಕ್ ಸ್ಲ್ಯಾಶ್ ಫಿಕ್ಸ್‌ಎಂಬಿಆರ್’. ಈ ಕೊನೆಯದು ಪಾರ್ಟಿಷನ್ ಪಟ್ಟಿಯನ್ನು ಮುಟ್ಟದೆ ಆ ಪುಟ್ಟ ಪ್ರೋಗ್ರಾಂ ಅನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಗೆಳೆಯ ವಿಂಡೋಸ್ ಪೆನ್‌ಡ್ರೈವ್ ಮಾಡಿಕೊಟ್ಟ. ಅದರಿಂದ ಬೂಟ್ ಮಾಡಿ, ರಿಪೇರಿ ಆಯ್ಕೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ಒಂದು ಸಾಲು ಟೈಪ್ ಮಾಡಿದೆ. ರೀಸ್ಟಾರ್ಟ್ ಆದಾಗ ವಿಂಡೋಸ್ ಬಂತು.

ಆದರೆ ನಿಮ್ಮದು ಹೊಸ ಯಂತ್ರವಾದರೆ ಈ ಕಮಾಂಡ್ ಕೆಲಸಕ್ಕೆ ಬಾರದು. ಇಂಟೆಲ್ ಶುರುಮಾಡಿದ ಇಎಫ್‌ಐ ಎಂಬ ಪದ್ಧತಿಯನ್ನು 2005ರಿಂದ ಹಲವು ಕಂಪನಿಗಳ ಕೂಟ ನೋಡಿಕೊಳ್ಳುತ್ತಿದೆ. ಈಗ ಅದರ ಹೆಸರು ಯುಇಎಫ್‌ಐ. 2012ರಲ್ಲಿ ವಿಂಡೋಸ್ 8 ಜೊತೆ ಅದು ಎಲ್ಲೆಡೆ ಬಂತು. ಇಲ್ಲಿ ಒಂದು ಸಣ್ಣ ಪಾರ್ಟಿಷನ್ನಿನಲ್ಲಿ ವಿಂಡೋಸ್, ಲಿನಕ್ಸ್ ಎರಡಕ್ಕೂ ಬೇರೆ ಬೇರೆ ಫೋಲ್ಡರ್. ಲಿನಕ್ಸ್ ಅಳಿಸಿದ ಮೇಲೆ ಗ್ರಬ್ ಕಂಡರೆ, ಆನ್ ಆಗುವಾಗ ಸೆಟ್ಟಿಂಗ್ಸ್‌ಗೆ ಹೋಗಿ ಬೂಟ್ ಸಾಲಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದರೆ ಸಾಮಾನ್ಯವಾಗಿ ಸಾಕು. ಆ ಸಣ್ಣ ಪಾರ್ಟಿಷನ್ ಯಾಕಿದೆ ಎಂದು ಅದನ್ನೂ ಅಳಿಸಿದಿರೋ, ಎರಡೂ ಏಳುವುದಿಲ್ಲ. ಬುದ್ಧಿವಂತರು ಮೊದಲು ವಿಂಡೋಸ್ ನೇರವಾಗಿ ಏಳುವಂತೆ ಮಾಡಿಕೊಂಡು ಆಮೇಲೆ ಲಿನಕ್ಸ್ ತೆಗೆಯುತ್ತಾರೆ. ನಾನು ಉಲ್ಟಾ ಮಾಡಿದ್ದೆ.

ಮಾರನೇ ವಾರ ಆ ಅಂಗಡಿಗೆ ಹೋಗಿ ಫೋಟೊ ತೋರಿಸಿದೆ. ಅವರು ಪೆನ್ನು, ಬಿಲ್ ಪುಸ್ತಕ ಮುಂದಿಟ್ಟು ‘ಆ ಕಮಾಂಡು ಬರೆದುಕೊಡಿ ಸರ್’ ಅಂದರು.