ಎಂಜಲಿನ ಕಾವಲು: ಕೊಲ್ಲದೇ ಗೆಲ್ಲೋ ಪ್ರೋಟೀನುಗಳ ಕಥೆ

ಇವತ್ತಿನ ಕಥೆ ನಿಮ್ಮ ಬಾಯಲ್ಲೇ ಇದೆ. ಎಂಜಲು ಅಂತೀವಿ, ಜೊಲ್ಲು ಅಂತೀವಿ, ಮುಖ ಸಿಂಡರಿಸ್ತೀವಿ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ವರೆಗೆ ಊರೋ ಈ ರಸದಲ್ಲಿ ಹೆಚ್ಚುಕಮ್ಮಿ ಎಲ್ಲಾ ನೀರೇ. ಉಳಿದ ಚೂರಲ್ಲಿರೋ ಪ್ರೋಟೀನುಗಳ ಕೆಲಸ ಅರ್ಥ ಆಗೋಕೆ ಮಾತ್ರ ಸುಮಾರು ಮುನ್ನೂರು ವರ್ಷ ಹಿಡೀತು.

1683. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿ ಕೆರೆದು, ತಾನೇ ಮಾಡಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದ. ಪುಟ್ಟ ಪುಟ್ಟ ಜೀವಿಗಳು ಓಡಾಡ್ತಿದ್ದವು! ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಬಾಯಿ ತುಂಬ ಇಷ್ಟು ಬ್ಯಾಕ್ಟೀರಿಯಾ ಇದ್ದರೂ ನಮ್ಮ ಬಾಯಿ ಯಾಕೆ ಕೊಳೆತು ಹೋಗಲ್ಲ? ಈ ಪ್ರಶ್ನೆ ಬಹಳ ಕಾಲ ಹಾಗೇ ಉಳೀತು.

ಒಂದು ಉತ್ತರ ಸಿಕ್ಕಿದ್ದು 1921ರಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿ ಬಂದಾಗ ತನ್ನದೇ ಸಿಂಬಳವನ್ನ ಪರೀಕ್ಷಿಸ್ತಾ, ಅದು ಒಂದು ಬ್ಯಾಕ್ಟೀರಿಯಾವನ್ನ ಕರಗಿಸೋದು ಕಂಡ. ಅದೇ ಲೈಸೋಜೈಮ್. ಕಣ್ಣೀರಲ್ಲೂ ಉಗುಳಲ್ಲೂ ಇತ್ತು. ಪೆನಿಸಿಲಿನ್‌ಗಿಂತ ಏಳು ವರ್ಷ ಮೊದಲಿನ ಮಾತಿದು. ಆದರೆ ರೋಗ ತರೋ ಎಷ್ಟೋ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗಲಿಲ್ಲ. ಅಂದ್ರೆ, ಕೊಲ್ಲೋದೊಂದೇ ದಾರಿ ಆಗಿರಲಿಲ್ಲ.

1960ರ ದಶಕದಲ್ಲಿ ಅಮೆರಿಕದ ತೊಮಾಸಿ ಮತ್ತು ಜೊತೆಗಾರರು ಇನ್ನೊಂದು ವಿಷಯ ತೋರಿಸಿದ್ರು. ಉಗುಳಿನ ಪ್ರತಿಕಾಯ ರಕ್ತದ್ದರಂತಿಲ್ಲ. ಇಲ್ಲಿ ಐಜಿಎ ಅನ್ನೋದರದ್ದೇ ಕಾರುಬಾರು. 1972ರಲ್ಲಿ ವಿಲಿಯಮ್ಸ್ ಮತ್ತು ಗಿಬ್ಬನ್ಸ್ ಅದರ ಕೆಲಸ ಹೇಳಿದ್ರು: ಐಜಿಎ ಬ್ಯಾಕ್ಟೀರಿಯಾವನ್ನ ಸುತ್ತಿಕೊಂಡು, ಕೆನ್ನೆಯ ಒಳಚರ್ಮಕ್ಕೆ ಅಂಟದಂತೆ ತಡೆಯುತ್ತೆ. ಅಂಟದಿದ್ದದ್ದನ್ನ ನಾವು ನುಂಗ್ತೀವಿ. ಮುಂದಿನದು ಹೊಟ್ಟೆಯ ಆಮ್ಲದ ಪಾಲು!

ನನಗೆ ಅತ್ಯಂತ ಇಷ್ಟದ ಪಾತ್ರ ಬರೋದು ಈಗ. ಉಗುಳಿನಲ್ಲಿ ಅಗ್ಲುಟಿನಿನ್ ಅನ್ನೋ ಭಾರೀ ಪ್ರೋಟೀನ್ ಇದೆ, ಮೈತುಂಬ ಸಕ್ಕರೆ ಸರಪಳಿ ಹೊತ್ತಿರುತ್ತೆ. ಹಲ್ಲು ಹುಳುಕು ಮಾಡೋ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನ ಅದು ಹಿಡಿದು ಉಂಡೆ ಕಟ್ಟುತ್ತೆ ಅಂತ 1983ರಲ್ಲಿ ಎರಿಕ್ಸನ್ ಮತ್ತು ರುಂಡೆಗ್ರೆನ್ ವಿವರಿಸಿದ್ರು. ಅದು ಐಜಿಎಯನ್ನೂ ಹಿಡಿದುಕೊಳ್ಳುತ್ತೆ. ಶ್ವಾಸಕೋಶದಲ್ಲಿ ಮೊದಲೇ ಸಿಕ್ಕಿದ್ದ ಜಿಪಿ-340 ಅನ್ನೋ ಪ್ರೋಟೀನೂ ಇದೂ ಒಂದೇ ಅಂತ 2000ನೇ ಇಸವಿಯಲ್ಲಿ ಗೊತ್ತಾಯ್ತು.

ಆದ್ರೆ ಇಲ್ಲೊಂದು ತಿರುವು. ಇದೇ ಅಗ್ಲುಟಿನಿನ್ ಉಗುಳಲ್ಲಿ ತೇಲ್ತಿದ್ದರೆ ಕಾವಲುಗಾರ. ಹಲ್ಲಿನ ಮೇಲೆ ಅಂಟಿ ಕೂತರೆ ಅದೇ ಬ್ಯಾಕ್ಟೀರಿಯಾಗೆ ಕೂರೋಕೆ ಮಣೆ! ಉಜ್ಜಿದ ಕೆಲವೇ ನಿಮಿಷಕ್ಕೆ ಉಗುಳಿನ ಪ್ರೋಟೀನುಗಳ ತೆಳು ಪೊರೆ ಮತ್ತೆ ಹಲ್ಲಿನ ಮೇಲೆ ಕೂರುತ್ತೆ. ಆ ಪೊರೆ ಹಲ್ಲನ್ನ ಆಮ್ಲದಿಂದ ಕಾಯುತ್ತೆ, ಜೊತೆಗೆ ಪಾಚಿಗೂ ಜಾಗ ಕೊಡುತ್ತೆ. ಅದಕ್ಕೇ ದಿನಾ ಉಜ್ಜಬೇಕು.

ಈ ಕಾವಲಿನ ಬೆಲೆ ಚೆನ್ನಾಗಿ ಗೊತ್ತಿರೋದು ಅದನ್ನ ಕಳಕೊಂಡವರಿಗೆ. ನಮ್ಮಲ್ಲಿ ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಆದವರು ಬಹಳ ಜನ. ರೇಡಿಯೇಷನ್ ಚಿಕಿತ್ಸೆಯಲ್ಲಿ ಲಾಲಾಗ್ರಂಥಿ ಸುಟ್ಟರೆ ಬಾಯಿ ಒಣಗುತ್ತೆ. ತುತ್ತು ಇಳಿಯಲ್ಲ, ಕೆಲವೇ ತಿಂಗಳಲ್ಲಿ ಸಾಲುಸಾಲು ಹಲ್ಲು ಹುಳುಕಾಗಬಹುದು.

ಜಾಹೀರಾತುಗಳು ಇವತ್ತಿಗೂ ಕೀಟಾಣು ಕೊಲ್ಲೋ ಮಾತನ್ನೇ ಆಡ್ತವೆ. ನಮ್ಮ ಉಗುಳು ಮಾತ್ರ ಬಹುಪಾಲು ಹಿಡಿದು, ಉಂಡೆ ಕಟ್ಟಿ, ಸುಮ್ಮನೆ ಕೆಳಗಿಳಿಸುತ್ತೆ. ಮುಂದಿನ ಕಂತಿನಲ್ಲಿ ಸಿಗೋಣ. ಅಲ್ಲೀವರೆಗೆ ಗುಟ್ಕಾ ಬಿಡಿ, ನೀರು ಕುಡೀರಿ.